ಕೋಚ್ ಎಂದರೆ ಸೋತ ಆಟಗಾರನಲ್ಲ

ಆಟದ ಬಗ್ಗೆ ನಮ್ಮವರಲ್ಲಿ ಒಂದು ತೀರ್ಪು ಬಹಳ ಹಿಂದೆಯೇ ಆಗಿಹೋಗಿದೆ. ಚೆನ್ನಾಗಿ ಆಡಬಲ್ಲವನು ಆಡುತ್ತಾನೆ. ಆಡಲು ಕೈಲಾಗದವನು ಕೋಚ್ ಆಗುತ್ತಾನೆ. ಕೋಚ್ ಆಗುವುದಕ್ಕೂ ಕೈಲಾಗದವನು ಅಸಿಸ್ಟೆಂಟ್ ಕೋಚ್ ಆಗಿ ಮೈದಾನದಲ್ಲಿ ಕೋನ್ ಜೋಡಿಸುತ್ತಾನೆ, ಚೆಂಡಿನ ಚೀಲ ಹೊರುತ್ತಾನೆ. ಬೆಂಗಳೂರಿನಲ್ಲಿ ಈ ಮಾತು ಕೇಳಿದ್ದೇನೆ, ಸಿಡ್ನಿಯ ನೆಂಟರ ಮನೆಗಳಲ್ಲಿ ಕೇಳಿದ್ದೇನೆ, ಈಗ ನಾನಿರುವ ಪಾಯಿಂಟ್ ಕುಕ್‌ನಲ್ಲಂತೂ ಯುಗಾದಿ ಊಟದ ಪಂಕ್ತಿಯಲ್ಲೂ ಹುಟ್ಟುಹಬ್ಬದ ಪಾರ್ಟಿಯಲ್ಲೂ ಕೇಳುತ್ತಲೇ ಇದ್ದೇನೆ. ಹೇಳುವವರು ಕೆಟ್ಟವರಲ್ಲ. ಮಕ್ಕಳ ಒಳಿತನ್ನೇ ಬಯಸುವ ತಂದೆ ತಾಯಂದಿರು, ತಾವೂ ಕಷ್ಟಪಟ್ಟು ಮೇಲೆ ಬಂದವರು. ಆದರೂ ಈ ತೀರ್ಪು ಬುಡದಿಂದಲೇ ತಪ್ಪು. ಆಟದ ಇತಿಹಾಸ ಇದನ್ನು ಒಪ್ಪುವುದಿಲ್ಲ, ನಮ್ಮದೇ ಪರಂಪರೆ ಒಪ್ಪುವುದಿಲ್ಲ, ನಾವು ಬಂದು ನೆಲೆಸಿರುವ ಈ ಊರಿನ ಅನುಭವವೂ ಒಪ್ಪುವುದಿಲ್ಲ. ಇದರಿಂದ ಹಾನಿಯಾಗುತ್ತಿರುವುದು ನಮ್ಮ ಮಕ್ಕಳಿಗೆ, ಆದ್ದರಿಂದ ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ.

ಪಾಯಿಂಟ್ ಕುಕ್ ಗೊತ್ತಿಲ್ಲದವರಿಗೆ ಎರಡು ಮಾತು. ಮೆಲ್ಬರ್ನ್ ನಗರದ ನೈಋತ್ಯಕ್ಕೆ, ವಿಂಡಮ್ ನಗರಸಭೆಯ ವ್ಯಾಪ್ತಿಯಲ್ಲಿ, ಸಮುದ್ರದ ಅಂಚಿಗಿರುವ ಬಡಾವಣೆ ಇದು. 1914ರಲ್ಲಿ ಇಲ್ಲಿ ಸೈನಿಕರಿಗೆ ವಿಮಾನ ಹಾರಿಸಲು ಕಲಿಸುವ ಶಾಲೆ ಶುರುವಾಯಿತು. ಆಸ್ಟ್ರೇಲಿಯಾದ ವಾಯುಪಡೆ ತನ್ನ ಹುಟ್ಟೂರು ಎಂದು ಕರೆದುಕೊಳ್ಳುವುದು ಈ ಜಾಗವನ್ನೇ. 2021ರ ಜನಗಣತಿಯ ಹೊತ್ತಿಗೆ ಜನಸಂಖ್ಯೆ 66 ಸಾವಿರ ದಾಟಿತ್ತು, ಅದರಲ್ಲಿ ಭಾರತದಿಂದ ಬಂದವರ ಪಾಲು ದೊಡ್ಡದು. ಚಳಿಗಾಲದ ಶನಿವಾರ ಬೆಳಿಗ್ಗೆ ಇಲ್ಲಿಯ ಯಾವ ಓವಲ್‌ಗೆ ಹೋದರೂ ನಮ್ಮ ಮಕ್ಕಳು ಕಾಣಿಸುತ್ತಾರೆ. ಐದಾರು ವರ್ಷದವರು ಫುಟಿಯನ್ನು, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲನ್ನು, ಎಳೆಯರಿಗೆ ಕಲಿಸುವ ಆಸ್ಕಿಕ್‌ನಲ್ಲಿ ಮೊಟ್ಟೆಯಾಕಾರದ ಚೆಂಡಿನ ಹಿಂದೆ ಓಡುತ್ತಿರುತ್ತಾರೆ, ಹತ್ತು ಹನ್ನೊಂದರವರು ಸಾಕರ್ ತಂಡಗಳಲ್ಲಿರುತ್ತಾರೆ. ಹದಿಮೂರು ದಾಟಿದ ಮೇಲೆ ಅವರ ಸಂಖ್ಯೆ ಇಳಿಯತೊಡಗುತ್ತದೆ.

ಕಾರಣ ಎಲ್ಲರಿಗೂ ಗೊತ್ತು. ವೆರಿಬಿಯಲ್ಲಿ ಸುಝಾನ್ ಕೋರಿ ಹೈಸ್ಕೂಲ್ ಇದೆ, ಪರೀಕ್ಷೆ ಬರೆದು ಸೇರಬೇಕಾದ ಸರ್ಕಾರಿ ಶಾಲೆ. ಒಂಬತ್ತನೆಯ ತರಗತಿಗೆ ಪ್ರವೇಶ, ಎಂಟನೆಯ ತರಗತಿಯಲ್ಲಿ ಪರೀಕ್ಷೆ. ಅದಕ್ಕೆ ಎರಡು ವರ್ಷ ಮೊದಲಿನಿಂದ ಟ್ಯೂಷನ್, ಅದೂ ಶನಿವಾರವೇ. ಸಿಡ್ನಿಯಲ್ಲಿ ಸೆಲೆಕ್ಟಿವ್ ಪರೀಕ್ಷೆ ಆರನೆಯ ತರಗತಿಯಲ್ಲೇ ಮುಗಿಯುವುದರಿಂದ ಅಲ್ಲಿ ಬೂಟು ಇನ್ನೂ ಬೇಗ ಮೂಲೆ ಸೇರುತ್ತದೆ. ಓದು ಬೇಡವೆಂದು ನಾನು ಹೇಳುತ್ತಿಲ್ಲ. ನನ್ನ ತಕರಾರು ಟ್ಯೂಷನ್ನಿನ ಮೇಲೆ ಅಲ್ಲ, ಅದರ ಹಿಂದೆ ನಿಂತಿರುವ ಲೆಕ್ಕಾಚಾರದ ಮೇಲೆ. ಆ ಲೆಕ್ಕ ಹೀಗಿದೆ: ಮಗ ಫುಟಿಯ ದೊಡ್ಡ ಲೀಗ್ ಎಎಫ್‌ಎಲ್ ಆಡುವಷ್ಟು ಗಟ್ಟಿಗನಲ್ಲ, ಆಸ್ಟ್ರೇಲಿಯಾದ ಸಾಕರ್ ತಂಡ ಸಾಕರೂಸ್ ಸೇರುವಷ್ಟು ಗಟ್ಟಿಗನಲ್ಲ, ಹಾಗಿದ್ದರೆ ಆಟದಲ್ಲಿ ಅವನಿಗೆ ಉಳಿದದ್ದು ಏನೂ ಇಲ್ಲ. ಹದಿಮೂರರ ಹುಡುಗನ ಓಟದ ವೇಗ ನೋಡಿ ಆಟದೊಂದಿಗೆ ಅವನ ಇಡೀ ಬದುಕಿನ ಸಂಬಂಧವನ್ನು ತೀರ್ಮಾನಿಸುವುದು ನ್ಯಾಯವಲ್ಲ.

ನನಗೆ ಪರಿಚಯದ ಹದಿನಾರರ ಹುಡುಗನೊಬ್ಬ ಇಲ್ಲಿಯ ಕ್ಲಬ್ಬಿನ ಕಿರಿಯರ ತಂಡಕ್ಕೆ ವಾರಕ್ಕೆರಡು ಸಂಜೆ ಸಹಾಯ ಮಾಡುತ್ತಾನೆ. ತಾನು ಸಾಧಾರಣ ಆಟಗಾರ, ಅದು ಅವನಿಗೂ ಗೊತ್ತು. ಆದರೆ ಅಳುವ ಮಗುವನ್ನು ಮತ್ತೆ ಆಟಕ್ಕೆ ಇಳಿಸುವುದು, ಎಡಗಾಲಲ್ಲಿ ಒದೆಯಲು ಹೆದರುವವನಿಗೆ ಹೆದರಿಕೆ ಬಿಡಿಸುವುದು ಅವನಿಗೆ ಬರುತ್ತದೆ. ಮುಂದೆ ಇದನ್ನೇ ಓದುತ್ತೇನೆ ಎಂದು ಮನೆಯಲ್ಲಿ ಹೇಳಿದಾಗ ಅವನ ತಾಯಿ ನನ್ನನ್ನು ಕೇಳಿದರು: "ಆಡೋಕಾಗದೇ ಇದ್ದೋರು ಮಾಡೋ ಕೆಲಸ ಅಲ್ವಾ ಅದು? ನೀವಾದ್ರೂ ಸ್ವಲ್ಪ ಹೇಳಿ ಅವನಿಗೆ." ನಾನು ಅವನಿಗೆ ಏನೂ ಹೇಳಲಿಲ್ಲ. ಹೇಳಬೇಕಾದದ್ದು ಆ ತಾಯಿಗೆ, ಮತ್ತು ಅವರಂತೆಯೇ ಯೋಚಿಸುವ ನಮ್ಮೆಲ್ಲರಿಗೆ.

ಮೊದಲು ಪಕ್ಕದ ಮೈದಾನದಿಂದಲೇ ಶುರುಮಾಡುತ್ತೇನೆ. ಪಶ್ಚಿಮ ಮೆಲ್ಬರ್ನಿನವರಿಗೆ ಸ್ವಂತ ತಂಡವೆಂದರೆ ವೆಸ್ಟರ್ನ್ ಬುಲ್‌ಡಾಗ್ಸ್, ಹಿಂದಿನ ಹೆಸರು ಫುಟ್ಸ್‌ಕ್ರೇ. 1954ರಲ್ಲಿ ಒಮ್ಮೆ ಪ್ರೀಮಿಯರ್‌ಶಿಪ್ ಗೆದ್ದದ್ದು ಬಿಟ್ಟರೆ 62 ವರ್ಷ ಬರಿಗೈ. 2014ರ ಕೊನೆಯಲ್ಲಿ ನಾಯಕನೇ ಬೇರೆ ತಂಡಕ್ಕೆ ಹೊರಟುಹೋದ, ಕೋಚ್ ರಾಜೀನಾಮೆ ಕೊಟ್ಟರು, ಕ್ಲಬ್ ದಿಕ್ಕೆಟ್ಟಿತ್ತು. ಆಗ ಬಂದವರು ಲೂಕ್ ಬೆವರಿಜ್. ಆಟಗಾರರಾಗಿ ಅವರದು ಮೂರು ಕ್ಲಬ್‌ಗಳಲ್ಲಿ ಒಟ್ಟು 118 ಪಂದ್ಯಗಳ ಬದುಕು: ಮೆಲ್ಬರ್ನ್, ಫುಟ್ಸ್‌ಕ್ರೇ, ಸೇಂಟ್ ಕಿಲ್ಡಾ. ಯಾವ ಕ್ಲಬ್ಬಿನಲ್ಲೂ ಅವರಿಗಾಗಿ ಪ್ರತಿಮೆ ನಿಲ್ಲಿಸುವಂಥ ಆಟ ಅದಲ್ಲ. ನಮ್ಮ ಲೆಕ್ಕದಲ್ಲಿ ಅವರ ಕತೆ ಅಲ್ಲಿಗೆ ಮುಗಿಯಬೇಕಿತ್ತು.

ಅವರು ಹೋದದ್ದು ಹವ್ಯಾಸಿ ಫುಟಿಗೆ. ಸೇಂಟ್ ಬೀಡ್ಸ್ ಮೆಂಟೋನ್ ಎಂಬ ತಂಡವನ್ನು 2006ರಲ್ಲಿ ಸಿ ಗ್ರೇಡ್‌ನಲ್ಲಿ, 2007ರಲ್ಲಿ ಬಿ ಗ್ರೇಡ್‌ನಲ್ಲಿ, 2008ರಲ್ಲಿ ಎ ಗ್ರೇಡ್‌ನಲ್ಲಿ ಗೆಲ್ಲಿಸಿದರು. ಮೂರು ವರ್ಷ, ಮೂರು ಮೆಟ್ಟಿಲು, ಮೂರು ಕಪ್. ಬಳಿಕ ಕಾಲಿಂಗ್‌ವುಡ್‌ನಲ್ಲಿ ಎಳೆಯ ಆಟಗಾರರನ್ನು ತಿದ್ದುವ ಕೆಲಸ; 2010ರಲ್ಲಿ ಆ ತಂಡ ಕಪ್ ಗೆದ್ದಾಗ ಅವರು ಅಲ್ಲಿದ್ದರು. ಆಮೇಲೆ ಹಾಥಾರ್ನ್‌ನಲ್ಲಿ ಅಸಿಸ್ಟೆಂಟ್ ಕೋಚ್. 2013, 2014ರಲ್ಲಿ ಹಾಥಾರ್ನ್ ಸತತವಾಗಿ ಗೆದ್ದಿತು. ಆ ಕಪ್‌ಗಳ ಚಿತ್ರಗಳಲ್ಲಿ ಬೆವರಿಜ್ ಅವರನ್ನು ಯಾರೂ ಹುಡುಕಲಿಲ್ಲ. ಬುಲ್‌ಡಾಗ್ಸ್ ಕ್ಲಬ್ ಹುಡುಕಿತು. ಎರಡೇ ವರ್ಷ ಸಾಕಾಯಿತು. 2016ರಲ್ಲಿ ಅಂಕಪಟ್ಟಿಯ ಏಳನೆಯ ಸ್ಥಾನದಿಂದ ಫೈನಲ್ಸ್‌ಗೆ ಹೊಕ್ಕ ತಂಡ ಅಕ್ಟೋಬರ್ 1ರಂದು ಮೆಲ್ಬರ್ನ್ ಕ್ರಿಕೆಟ್ ಗ್ರೌಂಡಿನಲ್ಲಿ ಸಿಡ್ನಿ ಸ್ವಾನ್ಸ್ ತಂಡವನ್ನು 89–67ರಿಂದ ಸೋಲಿಸಿತು. ಕೋಚ್‌ಗೆ ಕೊಡುವ ಜಾಕ್ ಮೆಕ್‌ಹೇಲ್ ಪದಕವನ್ನು ಬೆವರಿಜ್ ವೇದಿಕೆಯ ಮೇಲೇ ತೆಗೆದು, ಮೊಣಕಾಲಿನ ಗಾಯದಿಂದ ಆಡಲಾಗದೆ ಕೂತಿದ್ದ ನಾಯಕ ಬಾಬ್ ಮರ್ಫಿ ಕೊರಳಿಗೆ ಹಾಕಿದರು. ಆಟಗಾರನೊಬ್ಬನ ನೋವು ಏನೆಂದು ಅರಿತ ಮನುಷ್ಯ ಮಾಡುವ ಕೆಲಸ ಅದು. ಆ ಅರಿವು 118 ಪಂದ್ಯಗಳಿಂದಲೇ ಬಂದದ್ದಲ್ಲ. ಅನಂತರದ ಹತ್ತು ಹನ್ನೆರಡು ವರ್ಷ ಹಿಂದಿನ ಸಾಲಿನಲ್ಲಿ ನಿಂತು ಆಟಗಾರರನ್ನು ನೋಡಿದ್ದರಿಂದ ಬಂದದ್ದು.

118 ಪಂದ್ಯವೂ ಕಡಿಮೆಯೇನಲ್ಲ, ಎಷ್ಟಾದರೂ ಎಎಫ್‌ಎಲ್ ಆಡಿದವರೇ ತಾನೆ ಎಂದು ಕೇಳಬಹುದು. ಹಾಗಾದರೆ ಕ್ರಿಸ್ ಫೇಗನ್ ಅವರನ್ನು ನೋಡೋಣ. ಟಾಸ್ಮೇನಿಯಾದ ಗಣಿ ಊರು ಕ್ವೀನ್ಸ್‌ಟೌನ್‌ನಲ್ಲಿ ಹುಟ್ಟಿದವರು, ಶಾಲಾ ಮೇಷ್ಟ್ರು, ಆಡಿದ್ದೆಲ್ಲ ಟಾಸ್ಮೇನಿಯಾದ ಸ್ಥಳೀಯ ಲೀಗಿನಲ್ಲಿ. ವಿಎಫ್‌ಎಲ್ (ಎಎಫ್‌ಎಲ್‌ನ ಹಿಂದಿನ ಹೆಸರು) ಆಗಲಿ ಎಎಫ್‌ಎಲ್ ಆಗಲಿ ಒಂದೇ ಒಂದು ಪಂದ್ಯ ಆಡಿಲ್ಲ. ಮೆಲ್ಬರ್ನ್ ಕ್ಲಬ್ಬಿನಲ್ಲಿ ವರ್ಷಗಟ್ಟಲೆ ಅಸಿಸ್ಟೆಂಟ್, ಆಮೇಲೆ ಹಾಥಾರ್ನ್‌ನ ಆಡಳಿತದಲ್ಲಿ ತೆರೆಮರೆಯ ಕೆಲಸ. ಬ್ರಿಸ್ಬೇನ್ ಲಯನ್ಸ್ ಅವರನ್ನು ಹೆಡ್ ಕೋಚ್ ಮಾಡಿಕೊಂಡಾಗ ವಯಸ್ಸು ಐವತ್ತೈದರ ಆಸುಪಾಸು. 2017ರ ಮೊದಲ ಋತುವಿನಲ್ಲಿ ತಂಡ ಪಟ್ಟಿಯ ಕಟ್ಟಕಡೆಗೆ ನಿಂತಿತು. 2024ರ ಗ್ರ್ಯಾಂಡ್ ಫೈನಲ್‌ನಲ್ಲಿ ಅದೇ ಬ್ರಿಸ್ಬೇನ್ ಸಿಡ್ನಿಯನ್ನು 120–60ರಿಂದ ಸೋಲಿಸಿತು, 2025ರಲ್ಲಿ ಜೀಲಾಂಗ್ ತಂಡವನ್ನು 122–75ರಿಂದ. ಆಡಲಾಗದವನು ಕೋಚ್ ಆಗುತ್ತಾನೆ ಎಂದು ಹೇಳುವವರು ಈ ಎರಡು ಕಪ್‌ಗಳನ್ನು ಯಾವ ಖಾತೆಗೆ ಬರೆದುಕೊಳ್ಳುತ್ತಾರೆ?

ಎದುರಿನ ಉದಾಹರಣೆಯೂ ಬ್ರಿಸ್ಬೇನ್‌ನದೇ, ನನ್ನ ವಾದಕ್ಕೆ ಅದೇ ಹೆಚ್ಚು ಮುಖ್ಯ. ಮೈಕೆಲ್ ವಾಸ್ 2001, 2002, 2003ರಲ್ಲಿ ಸತತ ಮೂರು ಕಪ್ ಗೆದ್ದ ನಾಯಕ, ಬ್ರೌನ್‌ಲೋ ಪದಕ ಪಡೆದವರು, ಆ ಕಾಲದ ಅತಿ ದೊಡ್ಡ ಆಟಗಾರರಲ್ಲಿ ಒಬ್ಬರು. ದೊಡ್ಡ ಆಟಗಾರ ದೊಡ್ಡ ಕೋಚ್ ಆಗಿಯೇ ಆಗುತ್ತಾನೆ ಎಂದು ನಂಬಿದ ಕ್ಲಬ್, ಯಾವ ಅಸಿಸ್ಟೆಂಟ್ ಅನುಭವವೂ ಇಲ್ಲದೆ ಅವರನ್ನು 2009ರಲ್ಲಿ ನೇರವಾಗಿ ಹೆಡ್ ಕೋಚ್ ಸ್ಥಾನದಲ್ಲಿ ಕೂರಿಸಿತು. 2013ರಲ್ಲಿ ಅವರನ್ನು ತೆಗೆದುಹಾಕಿತು. ಆಮೇಲೆ ವಾಸ್ ಮಾಡಿದ ಕೆಲಸಕ್ಕೆ ನನ್ನ ಮನಸ್ಸಿನಲ್ಲಿ ಅವರ ಮೂರು ಕಪ್‌ಗಳಿಗಿಂತ ಹೆಚ್ಚು ಗೌರವ ಇದೆ. ಅಡಿಲೇಡ್‌ಗೆ ಹೋಗಿ ಪೋರ್ಟ್ ಅಡಿಲೇಡ್ ಕ್ಲಬ್ಬಿನಲ್ಲಿ 2015ರಿಂದ 2021ರವರೆಗೆ ಅಸಿಸ್ಟೆಂಟ್ ಕೋಚ್ ಆಗಿ ದುಡಿದರು. ಏಳು ಋತು ಮತ್ತೊಬ್ಬರ ಕೈಕೆಳಗೆ. 2022ರಲ್ಲಿ ಕಾರ್ಲ್‌ಟನ್‌ಗೆ ಹೆಡ್ ಕೋಚ್ ಆಗಿ ಬಂದರು, 2023ರಲ್ಲಿ ಆ ತಂಡವನ್ನು ಗ್ರ್ಯಾಂಡ್ ಫೈನಲ್‌ನ ಬಾಗಿಲವರೆಗೆ ಒಯ್ದರು. ಆಟವೇ ಎಲ್ಲವನ್ನೂ ಕಲಿಸಿಬಿಡುವುದಾಗಿದ್ದರೆ ವಾಸ್‌ಗೆ ಈ ಏಳು ವರ್ಷ ಬೇಕಾಗುತ್ತಲೇ ಇರಲಿಲ್ಲ.

ಆ ಏಳು ವರ್ಷ ಅಸಿಸ್ಟೆಂಟ್ ಆದವನು ಮಾಡುವುದಾದರೂ ಏನು? ಕೋನ್ ಜೋಡಿಸುವುದು ಕೆಲಸದ ಒಂದು ಸಣ್ಣ ತುಂಡು. ಎಎಫ್‌ಎಲ್ ಕ್ಲಬ್ಬಿನಲ್ಲಿ ಹಿಂದಿನ ಸಾಲಿಗೆ, ನಡುವಿನ ಸಾಲಿಗೆ, ಮುಂದಿನ ಸಾಲಿಗೆ ಬೇರೆಬೇರೆ ಅಸಿಸ್ಟೆಂಟ್‌ಗಳಿರುತ್ತಾರೆ. ಆಟ ನಿಂತು ಅಂಪೈರ್ ಚೆಂಡು ಎಸೆಯುವ ಪ್ರತಿ ಕ್ಷಣದಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ನೋಡುವವನು ಒಬ್ಬ. ಮುಂದಿನ ವಾರದ ಎದುರಾಳಿಯ ಹಳೆಯ ಪಂದ್ಯಗಳ ವಿಡಿಯೊ ನೋಡಿ, ಅವರು ಚೆಂಡನ್ನು ಯಾವ ಪಕ್ಕದಿಂದ ಹೊರತರುತ್ತಾರೆ ಎಂದು ಹುಡುಕುವವನು ಇನ್ನೊಬ್ಬ. ಸೋಮವಾರ ಪ್ರತಿ ಆಟಗಾರನನ್ನೂ ಪಕ್ಕಕ್ಕೆ ಕೂರಿಸಿ ಅವನ ಏಳೆಂಟು ತುಣುಕುಗಳನ್ನು ತೋರಿಸಬೇಕು; ತಪ್ಪು ಹೇಳಬೇಕು, ಹುಡುಗ ಕುಗ್ಗದಂತೆಯೂ ಹೇಳಬೇಕು. ತಂಡದಿಂದ ಕೈಬಿಟ್ಟ ಹತ್ತೊಂಬತ್ತರ ಹುಡುಗ ಮೊದಲು ಬಂದು ಅಳುವುದು ಹೆಡ್ ಕೋಚ್ ಹತ್ತಿರ ಅಲ್ಲ, ಇವನ ಹತ್ತಿರ. ಹೆಡ್ ಕೋಚ್ ತಪ್ಪು ನಿರ್ಧಾರ ಮಾಡುವಾಗ ತಡೆಯುವ ಧೈರ್ಯ ಬೇಕು, ನಿರ್ಧಾರ ಆದ ಮೇಲೆ ಅದನ್ನು ತನ್ನದೇ ಎಂಬಂತೆ ನಡೆಸುವ ನಿಷ್ಠೆಯೂ ಬೇಕು. ದೇಹಕ್ಕೆ ತಾನಾಗಿ ಒಲಿದ ಆಟವನ್ನು ಮಾತಿಗೆ ತರುವುದು, ಅದೂ ಒಬ್ಬೊಬ್ಬನಿಗೆ ಒಂದೊಂದು ಮಾತಿನಲ್ಲಿ, ಬೇರೆಯೇ ವಿದ್ಯೆ. ಅತ್ಯುತ್ತಮ ಆಟಗಾರರಿಗೆ ಇದು ಕಷ್ಟವಾಗುವುದು ಅವರಿಗೆ ಆಟ ಸುಲಭವಾಗಿ ಬಂದದ್ದರಿಂದಲೇ. ಪರದಾಡಿ ಕಲಿತವನಿಗೆ ಪ್ರತಿ ಮೆಟ್ಟಿಲೂ ನೆನಪಿರುತ್ತದೆ.

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ಗೆ ಒಬ್ಬ, ಮುಂದಿನ ಗೋಡೆಯಂತೆ ನಿಲ್ಲುವ ದೈತ್ಯರಿಗೆ ಒಬ್ಬ, ಹೀಗೆ ಸ್ಥಾನಕ್ಕೊಬ್ಬ ಅಸಿಸ್ಟೆಂಟ್ ಇರುತ್ತಾನೆ. ಹೆಡ್ ಕೋಚ್ ಹುದ್ದೆಗೆ ಬಂದವನನ್ನು ಅಲ್ಲಿಯವರು, ಯಾರ ಕೈಕೆಳಗೆ ಕಲಿತೆ ಎಂದು ಕೇಳುತ್ತಾರೆ. ಯಾರ ಶಿಷ್ಯ ಯಾರು ಎಂಬ ವಂಶವೃಕ್ಷವನ್ನೇ ಬರೆದಿಡುತ್ತಾರೆ. ಗುರುಪರಂಪರೆ ಎಂಬ ಮಾತನ್ನು ಜಗತ್ತಿಗೆ ಹೇಳಿಕೊಟ್ಟವರು ನಾವು ಎಂದು ಹೆಮ್ಮೆಪಡುವ ನಮಗೆ ಇದು ಯಾಕೆ ಅರ್ಥವಾಗುವುದಿಲ್ಲ? ಮೈಸೂರಿನ ಗರಡಿಗಳಲ್ಲಿ ಉಸ್ತಾದರ ಮಾತಿಲ್ಲದೆ ಪೈಲ್ವಾನ್ ಅಖಾಡಕ್ಕೆ ಇಳಿಯುವುದಿಲ್ಲ. ದಸರಾ ಕುಸ್ತಿಯಲ್ಲಿ ಗೆದ್ದವನು ಮೊದಲು ಹೋಗಿ ಮುಟ್ಟುವುದು ಉಸ್ತಾದರ ಕಾಲನ್ನು. ಅವರು ತಮ್ಮ ಕಾಲದಲ್ಲಿ ಎಷ್ಟು ಗದೆ ಗೆದ್ದಿದ್ದರು ಎಂದು ಯಾರೂ ಲೆಕ್ಕ ಕೇಳುವುದಿಲ್ಲ. ಯಕ್ಷಗಾನದಲ್ಲಿ ಬಣ್ಣ ಹಚ್ಚದೆ, ಹೆಜ್ಜೆ ಹಾಕದೆ ಹಿಂದೆ ಕೂತ ಭಾಗವತರೇ ರಂಗದ ಯಜಮಾನರು. ವೇಷ ಕಟ್ಟಲಾಗದ್ದಕ್ಕೆ ಭಾಗವತರಾದರು ಎಂದು ಹೇಳುವ ಧೈರ್ಯ ಕರಾವಳಿಯಲ್ಲಿ ಯಾರಿಗಿದೆ? ಕಲಿಸುವವನನ್ನು ಕಡೆಗಣಿಸುವುದು ನಮ್ಮ ಹಳೆಯ ಗುಣವಲ್ಲ. ಇದು ಟಿವಿಯಲ್ಲಿ ಆಟಗಾರನ ಮುಖವನ್ನೇ ನೋಡಿ ನೋಡಿ ಇತ್ತೀಚೆಗೆ ಅಂಟಿಕೊಂಡ ಗುಣ.

ನಮ್ಮವರದೇ ಹೆಸರು ಬೇಕೆಂದರೆ ಕುಮಟಾದ ರಾಘವೇಂದ್ರ ಇದ್ದಾರೆ, ಭಾರತ ಕ್ರಿಕೆಟ್ ತಂಡದವರೆಲ್ಲ ರಘು ಎಂದು ಕರೆಯುವವರು. ದೊಡ್ಡ ಮಟ್ಟದಲ್ಲಿ ಆಡಿದವರೇ ಅಲ್ಲ. 2011ರಿಂದ ತಂಡದ ಜೊತೆಗಿದ್ದಾರೆ. ಸೈಡ್‌ಆರ್ಮ್ ಎಂಬ ಉದ್ದ ಹಿಡಿಕೆಯ ಸಾಧನದಿಂದ ವೇಗದ ಬೌಲರ್‌ಗಳಿಗಿಂತ ಜೋರಾಗಿ ಚೆಂಡೆಸೆದು ಬ್ಯಾಟ್ಸ್‌ಮನ್‌ಗಳನ್ನು ಪಳಗಿಸುವುದು ಅವರ ಕೆಲಸ. ವೇಗದ ಬೌಲಿಂಗ್ ಎದುರು ಭಾರತ ತಂಡ ಸುಧಾರಿಸಿದ್ದರ ಶ್ರೇಯಸ್ಸನ್ನು ವಿರಾಟ್ ಕೊಹ್ಲಿ ಬಹಿರಂಗವಾಗಿ ಇವರಿಗೆ ಕೊಟ್ಟಿದ್ದಾರೆ. 2022ರ ಟಿ20 ವಿಶ್ವಕಪ್‌ನಲ್ಲಿ ಅಡಿಲೇಡ್‌ನ ಒದ್ದೆ ಮೈದಾನದಲ್ಲಿ ಬ್ರಷ್ ಹಿಡಿದು ಓಡಾಡಿ ಆಟಗಾರರ ಬೂಟಿನ ಕೆಸರು ಕೆರೆದದ್ದೂ ಇವರೇ. ಆ ಚಿತ್ರ ನೋಡಿ ನಮ್ಮವರು ಮೆಚ್ಚಿಕೊಂಡರು, ಆದರೆ ಮೆಚ್ಚಿದ್ದು ಅವರ ವಿನಯವನ್ನು. ಅವರ ವಿದ್ಯೆಯನ್ನು ಮೆಚ್ಚಬೇಕಿತ್ತು. ಮೈಸೂರಿನಲ್ಲಿ ಹುಟ್ಟಿದ ಆರ್. ಶ್ರೀಧರ್ ಹೈದರಾಬಾದ್ ಪರ ರಣಜಿ ಆಡಿದ ಎಡಗೈ ಸ್ಪಿನ್ನರ್, ಭಾರತಕ್ಕೆ ಒಂದು ಪಂದ್ಯವನ್ನೂ ಆಡಿಲ್ಲ. 2014ರಿಂದ 2021ರವರೆಗೆ ಭಾರತದ ಫೀಲ್ಡಿಂಗ್ ಕೋಚ್. 2018–19ರಲ್ಲಿ ಭಾರತ ಮೊದಲ ಬಾರಿಗೆ ಆಸ್ಟ್ರೇಲಿಯಾದಲ್ಲಿ ಟೆಸ್ಟ್ ಸರಣಿ ಗೆದ್ದಾಗ ಈ ಇಬ್ಬರೂ ಆ ತಂಡದ ಬಳಗದಲ್ಲಿದ್ದವರು. ಕರ್ನಾಟಕಕ್ಕೆ 2013–14 ಮತ್ತು 2014–15ರಲ್ಲಿ ಸತತವಾಗಿ ರಣಜಿ ಟ್ರೋಫಿ ಗೆದ್ದುಕೊಟ್ಟ ಕೋಚ್ ಜೆ. ಅರುಣ್‌ಕುಮಾರ್ ಅವರಿಗೂ ಭಾರತದ ಕ್ಯಾಪ್ ಸಿಕ್ಕಿರಲಿಲ್ಲ.

ಭಾರತದ ಫುಟ್‌ಬಾಲ್‌ಗೆ, ಅಂದರೆ ಇಲ್ಲಿಯವರ ಸಾಕರ್‌ಗೆ, ಬಂದರೆ ನಮ್ಮ ತಪ್ಪು ಇನ್ನೂ ಆಳದ್ದು. ಅಲ್ಲಿ ಈ ತೀರ್ಪಿನ ಜೊತೆ ಇನ್ನೊಂದು ಸೇರಿಕೊಂಡಿದೆ: ಹೆಡ್ ಕೋಚ್ ಎಂದರೆ ಬಿಳಿಯ, ಅಸಿಸ್ಟೆಂಟ್ ಎಂದರೆ ಭಾರತೀಯ; ಅವನು ಚಿಂತಿಸುತ್ತಾನೆ, ಇವನು ತರ್ಜುಮೆ ಮಾಡುತ್ತಾನೆ. ಬೆಂಗಳೂರಿನ ಷಣ್ಮುಗಂ ವೆಂಕಟೇಶ್ ಅವರನ್ನು ತೆಗೆದುಕೊಳ್ಳಿ. 1978ರಲ್ಲಿ ಹುಟ್ಟಿದ ಮಿಡ್‌ಫೀಲ್ಡರ್, ಸಲ್ಗಾಂವ್ಕರ್ ಮತ್ತು ಮಹೀಂದ್ರ ಯುನೈಟೆಡ್‌ಗೆ ಆಡಿದವರು, ಭಾರತದ ನಾಯಕರೂ ಆಗಿದ್ದವರು. ಸ್ಟೀಫನ್ ಕಾನ್‌ಸ್ಟಂಟೈನ್ ಭಾರತದ ಹೆಡ್ ಕೋಚ್ ಆಗಿದ್ದಾಗ ಇವರು ಅಸಿಸ್ಟೆಂಟ್. 2015ರ ಮಾರ್ಚಿನಲ್ಲಿ ಫಿಫಾ ಪಟ್ಟಿಯಲ್ಲಿ 173ನೆಯ ಸ್ಥಾನದಲ್ಲಿದ್ದ ತಂಡ ಎರಡು ಮೂರು ವರ್ಷಗಳಲ್ಲಿ 96ಕ್ಕೆ ಏರಿತು. 2019ರ ಜನವರಿ 6ರಂದು ಅಬುಧಾಬಿಯಲ್ಲಿ ಏಷ್ಯನ್ ಕಪ್‌ನ ಮೊದಲ ಪಂದ್ಯದಲ್ಲಿ ಥಾಯ್ಲೆಂಡ್ ವಿರುದ್ಧ 4–1ರಿಂದ ಗೆದ್ದಿತು. ಕಾನ್‌ಸ್ಟಂಟೈನ್ ಹೋದರು, ಇಗೊರ್ ಸ್ಟಿಮಾಚ್ ಬಂದರು, ವೆಂಕಟೇಶ್ ಉಳಿದರು; ಜೊತೆಗೆ ಎಳೆಯರ ತಂಡ ಇಂಡಿಯನ್ ಆರೋಸ್‌ಗೆ ಹೆಡ್ ಕೋಚ್ ಆಗಿ ದುಡಿದರು. ಇಬ್ಬರು ಹೆಡ್ ಕೋಚ್‌ಗಳ ನಡುವೆ ತಂಡದ ನೆನಪನ್ನು ಹೊತ್ತು ದಾಟಿಸಿದವರು ಅವರು. ಯಾವ ಹುಡುಗ ಒತ್ತಡದಲ್ಲಿ ಮಾತು ನಿಲ್ಲಿಸುತ್ತಾನೆ, ಯಾವನು ಬೈದರೆ ಚುರುಕಾಗುತ್ತಾನೆ ಎಂಬುದು ಹೊಸದಾಗಿ ಬಂದವರಿಗೆ ಯಾವ ಕಡತದಲ್ಲೂ ಸಿಗುವುದಿಲ್ಲ.

ಸ್ಟಿಮಾಚ್ ಕಾಲದ ಇನ್ನೊಂದು ಘಟನೆ ನಮ್ಮ ಕಂಠೀರವ ಕ್ರೀಡಾಂಗಣದಲ್ಲೇ ನಡೆಯಿತು. 2023ರ ಸ್ಯಾಫ್ ಚಾಂಪಿಯನ್‌ಷಿಪ್, ದಕ್ಷಿಣ ಏಷ್ಯಾದ ಟೂರ್ನಿ. ಸ್ಟಿಮಾಚ್ ಎರಡು ಬಾರಿ ರೆಡ್ ಕಾರ್ಡ್ ಪಡೆದು ಅಮಾನತಾದರು. ಸೆಮಿಫೈನಲ್‌ನಲ್ಲಿ ಲೆಬನಾನ್, ಫೈನಲ್‌ನಲ್ಲಿ ಕುವೈತ್, ಎರಡರಲ್ಲೂ ಗೆರೆಯ ಪಕ್ಕ ನಿಂತು ತಂಡ ನಡೆಸಿದವರು ಅಸಿಸ್ಟೆಂಟ್ ಮಹೇಶ್ ಗವಳಿ. ಎರಡೂ ಪಂದ್ಯ ಪೆನಾಲ್ಟಿಗೆ ಹೋದವು, ಎರಡನ್ನೂ ಭಾರತ ಗೆದ್ದಿತು. ಜುಲೈ 4ರ ಆ ರಾತ್ರಿ ಬೆಂಗಳೂರು ಕುಣಿಯಿತು. ಗೋಲ್‌ಕೀಪರ್ ಗುರುಪ್ರೀತ್ ತಡೆದ ಕೊನೆಯ ಪೆನಾಲ್ಟಿ ಎಲ್ಲರಿಗೂ ನೆನಪಿದೆ. 120 ನಿಮಿಷಗಳ ಬಳಿಕ ದಣಿದ ಹುಡುಗರಲ್ಲಿ ಯಾರು ಯಾವ ಕ್ರಮದಲ್ಲಿ ಒದೆಯಬೇಕು ಎಂಬುದನ್ನು ಎದುರಿಗೆ ನಿಂತು ನಿಭಾಯಿಸಿದ ಬೆಂಚನ್ನು ಎಷ್ಟು ಜನ ನೆನೆದಿದ್ದೇವೆ?

ವಿದೇಶಿ ಕೋಚ್‌ಗಳ ಬಗ್ಗೆ ನನಗೆ ದ್ವೇಷವಿಲ್ಲ, ಬೆಂಗಳೂರು ಎಫ್‌ಸಿಯ ಆಲ್ಬರ್ಟ್ ರೋಕಾ ಅವರಂಥವರ ಬಗ್ಗೆ ಕೃತಜ್ಞತೆಯೇ ಇದೆ. ಆದರೆ ಆ ಕ್ಲಬ್ಬಿನ ಚರಿತ್ರೆಯನ್ನೇ ಸರಿಯಾಗಿ ಓದಬೇಕು. ರೋಕಾ ಅವರ ಪಕ್ಕದಲ್ಲಿ ಅಸಿಸ್ಟೆಂಟ್ ಆಗಿ ಕೂತಿದ್ದವರು ಕಾರ್ಲೆಸ್ ಕ್ವಾಡ್ರಾಟ್. 2018ರಲ್ಲಿ ಅವರಿಗೆ ಬಡ್ತಿ ಸಿಕ್ಕಿತು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಎಫ್‌ಸಿ ಗೋವಾ ವಿರುದ್ಧ ರಾಹುಲ್ ಭೆಕೆ 117ನೆಯ ನಿಮಿಷದಲ್ಲಿ ತಲೆಯಿಂದ ಹೊಡೆದ ಗೋಲು ಬೆಂಗಳೂರಿಗೆ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಪ್ ತಂದುಕೊಟ್ಟಿತು. ಅಸಿಸ್ಟೆಂಟ್ ಬೆಂಚಿನಿಂದ ಎದ್ದುಬಂದ ಸ್ಪೇನ್ ದೇಶದವರನ್ನು ನಾವು ಚಾಂಪಿಯನ್ ಕೋಚ್ ಎಂದು ಹೊತ್ತು ಮೆರೆಸಿದೆವು. ಅದೇ ಬೆಂಚಿನಲ್ಲಿದ್ದ ನೌಶಾದ್ ಮೂಸಾ, ಕ್ವಾಡ್ರಾಟ್ 2021ರ ಜನವರಿಯಲ್ಲಿ ಹೊರಟ ಮೇಲೆ ಹಂಗಾಮಿಯಾಗಿ ತಂಡ ನಡೆಸಿದರು. ಋತು ಮುಗಿಯುವ ಮುನ್ನವೇ ಜರ್ಮನಿಯಿಂದ ಹೊಸ ಹೆಡ್ ಕೋಚ್ ಹೆಸರು ಪ್ರಕಟವಾಯಿತು. ಬೆಂಚು ಒಂದೇ ಆಗಿದ್ದರೂ ಅಳತೆಗೋಲು ಎರಡಾಯಿತು. ಐಎಸ್‌ಎಲ್ 2014ರಲ್ಲಿ ಶುರುವಾದರೂ ಪೂರ್ಣಾವಧಿಗೆ ಭಾರತೀಯ ಹೆಡ್ ಕೋಚ್ ಒಬ್ಬರು ಬಂದದ್ದು 2021ರಲ್ಲಿ, ನಾರ್ತ್‌ಈಸ್ಟ್ ಯುನೈಟೆಡ್‌ಗೆ ಖಾಲಿದ್ ಜಮೀಲ್. ರಾಷ್ಟ್ರೀಯ ತಂಡಕ್ಕೆ 2012ರಲ್ಲಿ ಸಾವಿಯೊ ಮೆದೇರಾ ಹೋದ ಮೇಲೆ ಭಾರತೀಯರೊಬ್ಬರು ಬರಲು 2025ರ ಆಗಸ್ಟ್‌ವರೆಗೆ ಕಾಯಬೇಕಾಯಿತು, ಆಗಲೂ ಬಂದವರು ಜಮೀಲ್ ಅವರೇ. ಬಂದ ಮೊದಲ ಟೂರ್ನಿಯಲ್ಲಿ ತಂಡ ಮೂರನೆಯ ಸ್ಥಾನ ಪಡೆಯಿತು, ಆಮೇಲೆ ಸಿಂಗಪುರದ ಎದುರು ಸೋತು 2027ರ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯುವ ಅವಕಾಶ ಕಳೆದುಕೊಂಡಿತು. ನೋಡಿದಿರಾ, ನಮ್ಮವರಿಂದ ಆಗುವುದಿಲ್ಲ ಎಂದು ತಕ್ಷಣ ಮಾತು ಕೇಳಿಬಂತು. ಹದಿಮೂರು ವರ್ಷ ವಿದೇಶಿಯರ ಕೈಯಲ್ಲಿದ್ದ ತಂಡದ ಹಿನ್ನಡೆಗೆ ಬರೀ ಎರಡು ತಿಂಗಳ ಮೊದಲು ಬಂದಿದ್ದವರನ್ನು ಹೊಣೆ ಮಾಡುವುದು ವಿಮರ್ಶೆಯಲ್ಲ.

ಮೆಲ್ಬರ್ನಿನಲ್ಲಿರುವ ಕನ್ನಡಿಗರಿಗೆ ಇದನ್ನು ಹೇಳುವಾಗ 1956ನ್ನು ಮರೆಯಲಾಗದು. ಆ ವರ್ಷದ ಡಿಸೆಂಬರ್ 1ರಂದು ಇದೇ ನಗರದ ಒಲಿಂಪಿಕ್ ಪಾರ್ಕಿನಲ್ಲಿ ಭಾರತದ ಫುಟ್‌ಬಾಲ್ ತಂಡ ಆತಿಥೇಯ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿತು, ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು, ಭಾರತ ಒಲಿಂಪಿಕ್ ಸೆಮಿಫೈನಲ್ ತಲುಪಿ ನಾಲ್ಕನೆಯ ಸ್ಥಾನ ಪಡೆಯಿತು. ಬೆಂಗಳೂರಿನ ಕೆಂಪಯ್ಯ ಆ ತಂಡದಲ್ಲಿದ್ದರು. ತಂಡ ಕಟ್ಟಿದವರು ಸೈಯದ್ ಅಬ್ದುಲ್ ರಹೀಮ್, ಹೈದರಾಬಾದಿನ ಶಾಲಾ ಮೇಷ್ಟ್ರು. ಕೋಚ್ ಆಗಿ 1951ರಲ್ಲಿ, 1962ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ತಂದವರು. ಭಾರತದ ಫುಟ್‌ಬಾಲ್ ಅತಿ ಎತ್ತರಕ್ಕೆ ಏರಿದ್ದು ಕಲಿಸುವುದನ್ನೇ ಕಸುಬಾಗಿಸಿಕೊಂಡ ಒಬ್ಬ ಭಾರತೀಯನ ಕೈಯಲ್ಲಿ.

ಬೆಂಗಳೂರಿನ ಫುಟ್‌ಬಾಲ್ ಆಟಗಾರ ಕಾರ್ಲ್‌ಟನ್ ಚಾಪ್‌ಮನ್ 2020ರ ಅಕ್ಟೋಬರ್ 12ರಂದು 49ನೆಯ ವಯಸ್ಸಿನಲ್ಲಿ ತೀರಿಕೊಂಡರು. 1993ರಲ್ಲಿ ಈಸ್ಟ್ ಬೆಂಗಾಲ್ ಪರ ಇರಾಕಿನ ಅಲ್ ಜವ್ರಾ ವಿರುದ್ಧ ಅವರು ಹೊಡೆದ ಹ್ಯಾಟ್ರಿಕ್ ನಮಗೆಲ್ಲ ನೆನಪಿದೆ, ನೆನಪಿರಬೇಕಾದದ್ದೇ. ಆದರೆ ಆಟ ಬಿಟ್ಟ ಮೇಲೆ ಅವರು ಟಾಟಾ ಫುಟ್‌ಬಾಲ್ ಅಕಾಡೆಮಿಯಿಂದ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೊವರೆಗೆ ಊರೂರು ತಿರುಗಿ ಹುಡುಗರಿಗೆ ಕಲಿಸಿದ ವರ್ಷಗಳು ನಮ್ಮ ಲೆಕ್ಕಕ್ಕೆ ಬರಲೇ ಇಲ್ಲ. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಬಳಿಕ ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಿತು. ಆ ತಂಡದ ಕೋಚ್ ರವಿ ಬಾಬು ರಾಜು ಅವರ ಹೆಸರು ಎಷ್ಟು ಕನ್ನಡಿಗರಿಗೆ ಗೊತ್ತು?

ಇನ್ನು ಹಣದ ಮಾತು. ಈ ತೀರ್ಪು ಕೊಡುವವರ ಗಟ್ಟಿಯಾದ ವಾದ ಇದೇ, ಇದನ್ನು ನಾನು ತಳ್ಳಿಹಾಕುವುದಿಲ್ಲ. ಅಸಿಸ್ಟೆಂಟ್ ಕೋಚ್ ಕೆಲಸ ಭದ್ರವಲ್ಲ. ಹೆಡ್ ಕೋಚ್ ಹೋದರೆ ಅವನ ಜೊತೆ ನಾಲ್ಕು ಜನರ ಮನೆಯ ಅನ್ನವೂ ಹೋಗುತ್ತದೆ. ಕೋವಿಡ್ ಬಂದಾಗ ಎಎಫ್‌ಎಲ್ ಪ್ರತಿ ಕ್ಲಬ್ಬಿನ ಫುಟಿ ವಿಭಾಗದ ಖರ್ಚಿನ ಮಿತಿಯನ್ನು ಸುಮಾರು 97 ಲಕ್ಷ ಡಾಲರ್‌ನಿಂದ 62 ಲಕ್ಷಕ್ಕೆ ಇಳಿಸಿತು. ಆಟಗಾರರ ಸಂಬಳ ಬೇರೆ ಲೆಕ್ಕದಲ್ಲಿದ್ದುದರಿಂದ ಕತ್ತರಿ ಬಿದ್ದದ್ದು ಕೋಚ್‌ಗಳ ಮೇಲೆ. ಹಲವರು ಕೆಲಸ ಕಳೆದುಕೊಂಡರು. ಪಾಯಿಂಟ್ ಕುಕ್‌ನ ಸ್ಥಳೀಯ ಕ್ಲಬ್‌ಗಳಲ್ಲಂತೂ ಕಿರಿಯರಿಗೆ ಕಲಿಸುವವರು ಬಹುಪಾಲು ಸಂಬಳವಿಲ್ಲದೆ ಬರುವವರು. ಹಗಲೆಲ್ಲ ತಮ್ಮ ಕೆಲಸ ಮಾಡಿ ಸಂಜೆ ದೀಪದ ಕೆಳಗೆ ನಮ್ಮ ಮಕ್ಕಳ ಜೊತೆ ನಿಲ್ಲುತ್ತಾರೆ. ಆದರೆ ಹಣ ಕಡಿಮೆ ಎನ್ನುವುದು ಒಂದು ಮಾತು, ಯೋಗ್ಯತೆ ಕಡಿಮೆ ಎನ್ನುವುದು ಇನ್ನೊಂದು. ಮೊದಲನೆಯದನ್ನು ಮಗನ ಜೊತೆ ಪ್ರಾಮಾಣಿಕವಾಗಿ ಚರ್ಚಿಸಿ. ಐಟಿ ಕೆಲಸದಲ್ಲೂ ಒಂದೇ ಇಮೇಲ್‌ನಲ್ಲಿ ನೂರಾರು ಜನ ಮನೆಗೆ ಹೋದದ್ದನ್ನು ಇದೇ ಬೀದಿಗಳಲ್ಲಿ ಕಂಡಿದ್ದೇವೆ, ಅದಕ್ಕಾಗಿ ಆ ಕಸುಬನ್ನು ಸೋತವರದು ಎಂದು ಯಾರೂ ಕರೆಯಲಿಲ್ಲ. ಕೋಚ್ ಆದವನು ಇನ್ನೊಂದು ಉದ್ಯೋಗವನ್ನೂ ಇಟ್ಟುಕೊಂಡು ಬಾಳಬಹುದು. ಫೇಗನ್, ರಹೀಮ್ ಇಬ್ಬರೂ ಮೇಷ್ಟ್ರುಗಳಾಗಿದ್ದವರೇ. ಎರಡನೆಯ ಮಾತನ್ನು, ಯೋಗ್ಯತೆಯ ಮಾತನ್ನು, ಇಲ್ಲಿಗೇ ಬಿಡಬೇಕು. ಅದನ್ನು ಮಕ್ಕಳ ಎದುರು ಆಡುವ ಹಕ್ಕು ನಮಗಿಲ್ಲ, ವಾರಕ್ಕೆರಡು ಸಂಜೆ ಅವರನ್ನು ಅದೇ ಕೋಚ್‌ಗಳ ಕೈಗೆ ಒಪ್ಪಿಸಿ ಕಾರಿನಲ್ಲಿ ಕೂತು ಫೋನ್ ನೋಡುವವರಿಗಂತೂ ಖಂಡಿತ ಇಲ್ಲ.

ಇಲ್ಲಿ ದಾರಿಗಳಿವೆ, ಎಲ್ಲರಿಗೂ ತೆರೆದಿವೆ. ಸಾಕರ್‌ನಲ್ಲಿ ಕಿರಿಯರಿಗೆ ಕಲಿಸುವ ಆರಂಭದ ಕೋರ್ಸ್‌ಗಳಿಂದ ಹಿಡಿದು ಸಿ, ಬಿ, ಎ, ಪ್ರೊ ಲೈಸೆನ್ಸ್‌ವರೆಗೆ ಮೆಟ್ಟಿಲುಗಳಿವೆ. ಏಷ್ಯಾದ ಒಕ್ಕೂಟದ ಇದೇ ಮೆಟ್ಟಿಲುಗಳನ್ನು ಭಾರತದ ಕೋಚ್‌ಗಳೂ ಹತ್ತುತ್ತಾರೆ. ಫುಟಿಯಲ್ಲೂ ಹಂತ ಹಂತದ ಮಾನ್ಯತೆ ಇದೆ. ಫುಟ್ಸ್‌ಕ್ರೇಯಲ್ಲಿ ವಿಕ್ಟೋರಿಯಾ ಯೂನಿವರ್ಸಿಟಿ ಇದೆ, ಕ್ರೀಡಾ ವಿಜ್ಞಾನಕ್ಕೆ ಹೆಸರಾದದ್ದು. ಹದಿನೆಂಟು ತುಂಬಿದವರಿಗೆ ವರ್ಕಿಂಗ್ ವಿತ್ ಚಿಲ್ಡ್ರನ್ ಚೆಕ್ ಬೇಕು, ಸ್ವಯಂಸೇವಕರಿಗೆ ಅದಕ್ಕೆ ಶುಲ್ಕವೂ ಇಲ್ಲ. ನಮ್ಮ ಕನ್ನಡ ಸಂಘಗಳು ದೀಪಾವಳಿ ಕಾರ್ಯಕ್ರಮದಲ್ಲಿ ಹನ್ನೆರಡನೆಯ ತರಗತಿಯಲ್ಲಿ ಹೆಚ್ಚು ಅಂಕ ಪಡೆದವರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತವೆ. ಅದೇ ವೇದಿಕೆಗೆ ಇಲ್ಲಿಯ ಕ್ಲಬ್‌ಗಳಲ್ಲಿ ಕಿರಿಯರಿಗೆ ಕಲಿಸುವ ನಮ್ಮ ಹುಡುಗ ಹುಡುಗಿಯರನ್ನೂ ಕರೆಯಲಿ, ಅವರ ಹೆಸರನ್ನೂ ಮೈಕಿನಲ್ಲಿ ಓದಲಿ.

ಚಳಿಗಾಲದ ಋತುವಿಗೆ ಬೇಕಾದ ಅಸಿಸ್ಟೆಂಟ್ ಕೋಚ್‌ಗಳನ್ನು ಕ್ಲಬ್‌ಗಳು ಹುಡುಕುವುದು ಬೇಸಿಗೆಯಲ್ಲೇ, ಅಭ್ಯಾಸ ಶುರುವಾಗುವ ಮೊದಲು. ಪ್ರತಿ ವರ್ಷ ಕೊರತೆ ಬೀಳುತ್ತದೆ, ಪ್ರತಿ ವರ್ಷ ತಂದೆ ತಾಯಂದಿರಿಗೆ ಇಮೇಲ್ ಬರುತ್ತದೆ, ಪ್ರತಿ ವರ್ಷ ನಮ್ಮಲ್ಲಿ ಬಹಳ ಜನ ಅದನ್ನು ತೆರೆಯದೆ ಅಳಿಸುತ್ತೇವೆ. ಈ ಸಲ ಅದನ್ನು ತೆರೆದು ಓದಿ. ಸಾಧಾರಣವಾಗಿ ಆಡುವ, ಆದರೆ ಆಟ ಬಿಡಲೊಲ್ಲದ ಮಗನೋ ಮಗಳೋ ಮನೆಯಲ್ಲಿದ್ದರೆ ಅವರ ಕೈಗೆ ಕೊಡಿ. ಅಪ್ಪಂದಿರು, ಅಮ್ಮಂದಿರು ತಮ್ಮ ಹೆಸರನ್ನೂ ಬರೆಯಬಹುದು.